ಹುಣಸೆಕಾಯಿ ಹುಳಿಯಲ್ಲಿ ಸಿಗಡಿ: ಫಿಲಿಪ್ಪೀನ್ಸ್‌ನ ಸಿನಿಗಾಂಗ್ ಮಾಡುವ ಬಗೆ

ಅನ್ನಕ್ಕಿಡುವಾಗ ಅಕ್ಕಿ ತೊಳೆದ ನೀರನ್ನು ಇವತ್ತು ಚೆಲ್ಲಬೇಡಿ. ಈ ಅಡುಗೆ ಶುರುವಾಗುವುದೇ ಆ ಅಕ್ಕಚ್ಚಿನಿಂದ. ಫಿಲಿಪ್ಪೀನ್ಸ್‌ನಲ್ಲಿ ‘ಸಿನಿಗಾಂಗ್’ ಎಂದರೆ ಹುಳಿ ಮುಂದಾಗಿ ನಿಲ್ಲುವ ತೆಳು ಸಾರು. ಹಂದಿಮಾಂಸ, ದನದ ಮಾಂಸ, ಮೀನು, ಯಾವುದರಲ್ಲೂ ಮಾಡುತ್ತಾರೆ. ಬೇಗ ಆಗುವುದು ಸಿಗಡಿಯದು, ಟಗಾಲೋಗ್ ಭಾಷೆಯಲ್ಲಿ ‘ಸಿನಿಗಾಂಗ್ ನಾ ಹೀಪೊನ್’. ಒಗ್ಗರಣೆ, ಅರಿಶಿನ, ಖಾರದ ಪುಡಿ, ಕಾಯಿ ರುಬ್ಬುವುದು ಯಾವುದೂ ಇಲ್ಲ. ಕೈ ತಡೆಯದೆ ಒಂದು ಚಮಚ ಸಾರಿನ ಪುಡಿ ಹಾಕಿದಿರೋ, ಅದು ನಮ್ಮ ಸಾರೇ ಆಯಿತು. ರುಚಿ ಕೆಟ್ಟಿರುವುದಿಲ್ಲ, ಆದರೆ ಸಿನಿಗಾಂಗ್ ಆಗಿರುವುದಿಲ್ಲ.

ನಾಲ್ಕು ಜನಕ್ಕೆ ಬೇಕಾದದ್ದು

ತಲೆ, ಚಿಪ್ಪು ಸಮೇತ ದೊಡ್ಡ ಸಿಗಡಿ ಅರ್ಧ ಕೆ.ಜಿ. (15ರಿಂದ 20 ಬರುವ ಗಾತ್ರ), ಅಕ್ಕಚ್ಚು ಒಂದೂಕಾಲು ಲೀಟರ್, ಎಳೆಯ ಹಸಿರು ಹುಣಸೆಕಾಯಿ 200 ಗ್ರಾಂ. ಈರುಳ್ಳಿ 1, ಟೊಮೆಟೊ 2, ಕೆಸವಿನ ಗೆಡ್ಡೆ ಚಿಕ್ಕವು 4, ಮೂಲಂಗಿ 1, ಉದ್ದನೆಯ ಅಲಸಂದೆ ಕೋಡು ಏಳೆಂಟು, ಎಳೆ ಬೆಂಡೆಕಾಯಿ 6, ಬಜ್ಜಿ ಮೆಣಸಿನಕಾಯಿ 2. ಸೊಪ್ಪು ಒಂದು ಕಟ್ಟು. ಅಲ್ಲಿ ಹಾಕುವುದು ನೀರಲ್ಲಿ ಬೆಳೆಯುವ ಕಾಂಗ್‌ಕಾಂಗ್. ಅದು ಸಿಗದಿದ್ದರೆ ಪಾಲಕ್ ಅಥವಾ ಸಿಹಿಗೆಣಸಿನ ಬಳ್ಳಿಯ ಎಳೆ ಕುಡಿ ಆದೀತು. ಗೆಣಸಿನ ಕುಡಿಯನ್ನು ಅಲ್ಲಿಯವರೂ ಹಾಕುತ್ತಾರೆ. ಉಪ್ಪಿನ ಜತೆಗೆ ‘ಪಾಟಿಸ್’ 2 ದೊಡ್ಡ ಚಮಚ. ಇದು ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುದುಗಿಸಿ ತೆಗೆದ ತಿಳಿರಸ. ನಗರದ ದೊಡ್ಡ ಅಂಗಡಿಗಳಲ್ಲಿ ‘ಫಿಶ್ ಸಾಸ್’ ಎಂದು ಕೇಳಿದರೆ ಇದರದೇ ಬಗೆಯದೊಂದು ಸಿಗುತ್ತದೆ.

ಅಕ್ಕಿಯ ಮೊದಲ ತೊಳೆನೀರಲ್ಲಿ ದೂಳಿರುತ್ತದೆ, ಅದನ್ನು ಚೆಲ್ಲಿ. ಎರಡನೆಯ, ಮೂರನೆಯ ನೀರನ್ನು ಹಿಡಿದಿಡಿ. ಅದರಲ್ಲಿರುವ ಗಂಜಿಯ ಅಂಶ ಸಾರಿಗೆ ಸ್ವಲ್ಪ ಮೈ ಕೊಡುತ್ತದೆ, ಹುಳಿಯ ಮೊನೆಯನ್ನೂ ತಗ್ಗಿಸುತ್ತದೆ.

ಸಿಗಡಿ: ತಲೆ ಬಿಡಬೇಡಿ

ಮೀನಿನಂಗಡಿಯವರು ಕೇಳದೆಯೇ ತಲೆ ಮುರಿದುಕೊಡುತ್ತಾರೆ. ಬೇಡವೆಂದು ಮೊದಲೇ ಹೇಳಿ. ತಲೆಯೊಳಗಿನ ಕಿತ್ತಳೆ ಬಣ್ಣದ ಕೊಬ್ಬಿನಲ್ಲೇ ಈ ಸಾರಿನ ರುಚಿಯಿದೆ. ಕೊಳ್ಳುವಾಗ ತಲೆ-ಮೈ ಕೂಡುವ ಜಾಗ ನೋಡಿ. ಸಿಗಡಿ ಸತ್ತ ಮೇಲೆ ಮೊದಲು ಸಡಿಲವಾಗುವುದು ಅಲ್ಲೇ, ತಲೆಯ ಜೀರ್ಣರಸಗಳು ಸುತ್ತಲ ಮಾಂಸವನ್ನೇ ಕರಗಿಸತೊಡಗುತ್ತವೆ. ತಲೆ ಜೋಲುತ್ತಿದ್ದರೆ, ಚಿಪ್ಪು ಲೋಳೆಯಾಗಿದ್ದರೆ, ಮೂಗಿಗೆ ಚುಚ್ಚುವ ಅಮೋನಿಯಾ ವಾಸನೆ ಬಂದರೆ ಬಿಟ್ಟುಬಿಡಿ.

ಕತ್ತರಿಯಿಂದ ಮೀಸೆ, ಕಾಲು, ತಲೆಯ ಮೇಲಿನ ಚೂಪು ಮುಳ್ಳು ಕತ್ತರಿಸಿ. ಚಿಪ್ಪು ತೆಗೆಯದೆಯೇ ಕಪ್ಪು ನಾರನ್ನು ಎಳೆಯಬಹುದು: ಬೆನ್ನಿನ ಎರಡನೆಯ, ಮೂರನೆಯ ಪಟ್ಟಿಗಳ ಸಂದಿಯಲ್ಲಿ ಹಲ್ಲುಕಡ್ಡಿ ತೂರಿಸಿ ನಿಧಾನವಾಗಿ ಮೇಲೆತ್ತಿದರೆ ಇಡೀ ದಾರ ಬರುತ್ತದೆ. ಚಿಪ್ಪು ಇದ್ದಷ್ಟೂ ಮಾಂಸ ರಸಭರಿತವಾಗಿ ಉಳಿಯುತ್ತದೆ.

ನಾಲ್ಕೈದು ಸಿಗಡಿಯ ತಲೆಗಳನ್ನು ಮಾತ್ರ ಕಿತ್ತು, ಕುಟ್ಟಾಣಿಯಲ್ಲಿ ಅರ್ಧ ಲೋಟ ನೀರು ಬೆರೆಸಿ ಜಜ್ಜಿ, ಸೋಸಿಟ್ಟುಕೊಳ್ಳಿ. ತಲೆಯಿಲ್ಲದ ಫ್ರೋಜನ್ ಸಿಗಡಿಯೇ ಗತಿಯಾದರೆ, ಚಿಪ್ಪುಗಳನ್ನು ಅರ್ಧ ಚಮಚ ಎಣ್ಣೆಯಲ್ಲಿ ಕೆಂಪಾಗುವವರೆಗೆ ಬಾಡಿಸಿ, ಅಕ್ಕಚ್ಚಿನಲ್ಲಿ 10 ನಿಮಿಷ ಕುದಿಸಿ ಸೋಸಿ.

ಹುಳಿ

ಹುಣಸೆಕಾಯಿ ತೊಳೆದು ಎರಡು ಲೋಟ ನೀರಿನಲ್ಲಿ ಸಿಪ್ಪೆ ಬಿರಿಯುವವರೆಗೆ, ಅಂದರೆ 10–12 ನಿಮಿಷ ಬೇಯಿಸಿ. ಚಮಚದ ಬೆನ್ನಿನಿಂದ ಹಿಸುಕಿ ಜರಡಿಯಲ್ಲಿ ಸೋಸಿ. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರು ಇಳಿಯುತ್ತದೆ.

ಕಾಯಿ ಸಿಗದ ಕಾಲದಲ್ಲಿ ಹಣ್ಣು ಬಳಸಬಹುದು: 40 ಗ್ರಾಂ, ಒಂದು ಲೋಟ ಬಿಸಿನೀರಲ್ಲಿ ನೆನೆಸಿ ಕಿವುಚಿ. ಆದರೆ ಹಣ್ಣಿನ ಹುಳಿಯಲ್ಲಿ ಸಿಹಿಯಿದೆ, ಸಾರೂ ಕಂದಾಗುತ್ತದೆ. ಕೊನೆಯಲ್ಲಿ ಅರ್ಧ ನಿಂಬೆಹಣ್ಣು ಹಿಂಡಿದರೆ ಸರಿಹೋಗುತ್ತದೆ. ಕರಾವಳಿಯವರಿಗೆ ಇನ್ನೂ ಒಳ್ಳೆಯ ದಾರಿಯಿದೆ. ಹಿತ್ತಿಲ ಬಿಂಬುಳಿಯನ್ನೇ ಫಿಲಿಪ್ಪೀನ್ಸ್‌ನವರು ‘ಕಮಿಯಾಸ್’ ಎಂದು ಕರೆದು ಸಿನಿಗಾಂಗ್‌ಗೆ ಹಾಕುತ್ತಾರೆ. 10–12 ಬಿಂಬುಳಿ ಸೀಳಿ ಹಾಕಿದರೆ ಹುಣಸೆಯೇ ಬೇಡ.

ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಮಡಕೆಯಲ್ಲಿ ಮಾಡಿ. ಅಲ್ಯೂಮಿನಿಯಂ ಪಾತ್ರೆಗೆ ಇಷ್ಟು ಹುಳಿ ಆಗದು.

ಒಲೆಯ ಮೇಲೆ

ಅಕ್ಕಚ್ಚಿಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಸಿಪ್ಪೆ ತೆಗೆದು ಸೀಳಿದ ಕೆಸವಿನ ಗೆಡ್ಡೆ ಹಾಕಿ ಕುದಿಯಲು ಬಿಡಿ. ಗೆಡ್ಡೆ ಹೆಚ್ಚುವ ಮುನ್ನ ಅಂಗೈಗೆ ಎಣ್ಣೆ ಸವರಿಕೊಂಡರೆ ತುರಿಸುವುದಿಲ್ಲ. 15–20 ನಿಮಿಷದಲ್ಲಿ ಗೆಡ್ಡೆ ಅಂಚು ಕರಗಿ ಸಾರು ತುಸು ಮಂದವಾಗುತ್ತದೆ. ಅರೆಬೆಂದ ಕೆಸವು ಗಂಟಲು ಕೆರೆಯುತ್ತದೆ, ಚಾಕು ಸಲೀಸಾಗಿ ಇಳಿಯುವವರೆಗೆ ಕಾಯಿರಿ.

ಇಷ್ಟಾಗುವವರೆಗೆ ಹುಳಿ ಹಾಕಬಾರದು. ಹುಳಿ ಮೊದಲೇ ಬಿದ್ದರೆ ತೊಗರಿಬೇಳೆ ಬೇಯದೆ ನಿಲ್ಲುತ್ತದಲ್ಲ, ಇಲ್ಲೂ ಅದೇ ಕತೆ. ತರಕಾರಿಯನ್ನು ಬಿಗಿಯಾಗಿ ಹಿಡಿದಿಡುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ, ಅರ್ಧ ಗಂಟೆ ಕುದಿಸಿದರೂ ಗೆಡ್ಡೆ ಗಟ್ಟಿಯಾಗಿಯೇ ಕೂತಿರುತ್ತದೆ.

ಈಗ ಬಿಲ್ಲೆ ಮಾಡಿದ ಮೂಲಂಗಿ, ಸೋಸಿಟ್ಟ ತಲೆರಸ. 5 ನಿಮಿಷ ಕುದಿಸಿ, ಮೇಲೆ ಬಂದ ನೊರೆ ತೆಗೆಯಿರಿ. ಬೆರಳುದ್ದ ಮುರಿದ ಅಲಸಂದೆ ಹಾಕಿ 3 ನಿಮಿಷ. ನಂತರ ಹುಣಸೆರಸ, ಪಾಟಿಸ್, ಇಡೀ ಮೆಣಸಿನಕಾಯಿ, ಬೆಂಡೆಕಾಯಿ. ಬೆಂಡೆಯ ತೊಟ್ಟಿನ ತುದಿಯನ್ನಷ್ಟೇ ಸವರಿ. ಒಳಗಿನ ಕೋಣೆ ತೆರೆದುಕೊಂಡರೆ ಸಾರೆಲ್ಲ ಲೋಳೆ.

ರುಚಿ ನೋಡುವ ಹೊತ್ತು ಇದೇ. ಮೊದಲ ಗುಟುಕಿಗೆ ಕಣ್ಣು ಕಿರಿದಾಗುವಷ್ಟು ಹುಳಿ ಇರಬೇಕು, ಅನ್ನದ ಜತೆ ಅದು ಹದಕ್ಕೆ ಬರುತ್ತದೆ. ಉಪ್ಪನ್ನು ಹುಳಿ ಸರಿಯಾದ ಮೇಲೆ, ಪಾಟಿಸ್‌ನ ಉಪ್ಪನ್ನು ಲೆಕ್ಕಕ್ಕಿಟ್ಟುಕೊಂಡು ಹಾಕಿ. ಹುಣಸೆಯ ಬದಲು ಸಿದ್ಧ ಸಿನಿಗಾಂಗ್ ಪುಡಿ ಬಳಸಿದರೆ ಅದರಲ್ಲೇ ಬೇಕಾದಷ್ಟು ಉಪ್ಪಿರುತ್ತದೆ.

ಸಾರು ಜೋರಾಗಿ ಕುದಿಯುವಾಗ ಸಿಗಡಿ ಬಿಡಿ. ಬೂದುಬಣ್ಣ ಕಳೆದು ಕೆಂಪಾಗುವುದು ಕಾಣುತ್ತದೆ: ಪ್ರೋಟೀನಿಗೆ ಅಂಟಿಕೊಂಡಿದ್ದ ಕೆಂಪು ವರ್ಣ ಬಿಸಿಗೆ ಬಿಡುಗಡೆಯಾಗುತ್ತದೆ. ಬಣ್ಣವೊಂದನ್ನೇ ನಂಬಬೇಡಿ, ಚಿಪ್ಪು ಮೊದಲು ಕೆಂಪಾಗುತ್ತದೆ, ಮಾಂಸ ಆಮೇಲೆ ಬೇಯುತ್ತದೆ. ಎರಡೂವರೆಯಿಂದ ಮೂರು ನಿಮಿಷಕ್ಕೆ ಒಂದನ್ನು ಎತ್ತಿ ನೋಡಿ. ಕುಡುಗೋಲಿನಂತೆ ಬಾಗಿದ್ದು, ಒಳಗಿನ ಮಾಂಸ ಪೂರ್ತಿ ಬಿಳಿಯಾಗಿದ್ದರೆ ಸಾಕು. ಬಳೆಯಂತೆ ಸುರುಳಿ ಸುತ್ತಿತೆಂದರೆ ರಬ್ಬರ್ ಆಯಿತು, ಮತ್ತೆ ಸರಿಮಾಡಲು ಬಾರದು. ಕೂಡಲೇ ಒಲೆ ಆರಿಸಿ, ಸೊಪ್ಪು ಹಾಕಿ, 2 ನಿಮಿಷ ಮುಚ್ಚಿಡಿ.

ಬಿಸಿ ಅನ್ನದ ಪಕ್ಕ ಬಟ್ಟಲಲ್ಲಿ ಬಡಿಸಿ. ನಂಚಿಕೊಳ್ಳಲು ಪಾಟಿಸ್‌ನಲ್ಲಿ ಜಜ್ಜಿದ ಸೂಜಿಮೆಣಸು. ಖಾರ ಬೇಕಾದವರು ಸಾರಿನಲ್ಲಿರುವ ಮೆಣಸಿನಕಾಯಿಯನ್ನು ತಮ್ಮ ಬಟ್ಟಲಲ್ಲೇ ಹಿಸುಕಿಕೊಳ್ಳಲಿ.

ಉಳಿದರೆ ಸಿಗಡಿಯನ್ನು ಬೇರೆ ಡಬ್ಬಿಗೆ ತೆಗೆದು ಎರಡನ್ನೂ ಫ್ರಿಜ್‌ನಲ್ಲಿಡಿ. ಮರುದಿನ ಸಾರನ್ನಷ್ಟೇ ಕುದಿಸಿ, ಒಲೆ ಆರಿಸುವ ಮುನ್ನ ಸಿಗಡಿ ಸೇರಿಸಿ, ಒಳಗಿನವರೆಗೆ ಬಿಸಿಯಾದೊಡನೆ ಇಳಿಸಿ.