ಐಸ್‌ಬಾಕ್ಸ್ ಊರಲ್ಲಿ ಟ್ರೈಲರ್ ಮನೆ, ಸ್ಕೀ ರೆಸಾರ್ಟ್ ಕೆಲಸ: ನನ್ನ ಅನುಭವ

ಕೊಲರಾಡೋದ ಫ್ರೇಸರ್ ಕಣಿವೆಯಲ್ಲಿ ಚಳಿಗಾಲ ಪೂರ್ತಿ ಟ್ರಕ್‌ಗೆ ಕಟ್ಟಿ ಎಳೆಯುವ ಟ್ರೈಲರ್ ಮನೆಯಲ್ಲೇ ಇದ್ದು, ಸ್ಕೀ ರೆಸಾರ್ಟ್‌ನಲ್ಲಿ ನಾನು, ಹೆಂಡತಿ ಇಬ್ಬರೂ ಕೆಲಸ ಮಾಡುತ್ತೇವೆ ಅಂದಾಗ ಒಬ್ಬರೂ ಒಪ್ಪಲಿಲ್ಲ. ಡೆನ್ವರ್‌ನ ಕನ್ನಡದ ಗೆಳೆಯರ ಮಾತು ಬಿಡಿ, ವರ್ಷಗಟ್ಟಲೆ ಆರ್‌ವಿಯಲ್ಲೇ (ಇಂಥ ಗಾಡಿ ಮನೆಯಲ್ಲೇ) ಬದುಕಿದ ಅಮೆರಿಕನ್ ದಂಪತಿ ಕೂಡ "ಜನವರಿ ದಾಟಲ್ಲ ನೀವು, ಎಲ್ಲರ ಹಾಗೆ ಅರಿಜೋನಾಗೆ ಹೋಗಿ" ಅಂದರು. ಫ್ರೇಸರ್ ಊರು ತನ್ನನ್ನು ತಾನೇ ದೇಶದ ಐಸ್‌ಬಾಕ್ಸ್ ಅಂತ ಕರೆದುಕೊಳ್ಳುತ್ತದೆ. ಎತ್ತರ 8,500 ಅಡಿ ದಾಟುತ್ತದೆ. ಮೈನಸ್ 25, ಮೈನಸ್ 30 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ರಾತ್ರಿಗಳು ಇರುತ್ತವೆ. ಆದರೂ ಹೋದ ಸೀಸನ್ ಪೂರ್ತಿ ಒಂದು ದಿನವೂ ನಮ್ಮ ನಲ್ಲಿ ನಿಲ್ಲಲಿಲ್ಲ, ಕೈಯಲ್ಲಿ ದುಡ್ಡೂ ಉಳಿಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಟ್ರೈಲರ್ 24 ಅಡಿಯದು, ಸೆಕೆಂಡ್ ಹ್ಯಾಂಡ್, 14 ಸಾವಿರ ಡಾಲರ್ ಆಸುಪಾಸಿಗೆ ಸಿಕ್ಕಿತು. ನಾನು ಸ್ಕೀ ಮಾಡುವವರನ್ನು ಬೆಟ್ಟದ ಮೇಲೆ ಒಯ್ಯುವ ಲಿಫ್ಟ್‌ನ ಆಪರೇಟರ್, ಹೆಂಡತಿ ಸ್ಕೀ ಬಾಡಿಗೆ ಅಂಗಡಿಯಲ್ಲಿ. ಬೇಸಿಗೆಯಲ್ಲಿ ಯೆಲ್ಲೋಸ್ಟೋನ್ ಕಡೆಯ ಲಾಡ್ಜ್‌ಗಳಲ್ಲಿ ಕೆಲಸ ಮಾಡಿದವರಿಗೆ ಹುಕಪ್ (ನೀರು, ಕರೆಂಟ್ ಜೋಡಣೆ), ಟ್ಯಾಂಕ್, ಡಂಪ್ (ಕೊಳಚೆ ಖಾಲಿ ಮಾಡೋದು) ಎಲ್ಲ ಗೊತ್ತೇ ಇರುತ್ತದೆ, ಅದನ್ನು ಬಿಡುತ್ತೇನೆ. ಬೇಸಿಗೆ ಕೆಲಸದಲ್ಲಿ ಟ್ರೈಲರ್ ನಿಲ್ಲಿಸುವ ಸೈಟ್ ಪುಕ್ಕಟೆ ಸಿಗೋದುಂಟು. ಸ್ಕೀ ಊರಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ, ಚಳಿಗಾಲದಲ್ಲಿ ತೆರೆದಿರುವ ಆರ್‌ವಿ ಪಾರ್ಕ್ ಸಿಗೋದೇ ಕಷ್ಟ.

ಮೊದಲ ಚಳಿಗಾಲ ನಮ್ಮನ್ನು ಹಿಂಡಿದ್ದು ಪ್ರೋಪೇನ್ ಗ್ಯಾಸ್. ಮನೆ ಬಿಸಿ ಮಾಡುವ 30,000 ಬಿಟಿಯು (ಬಿಸಿಯ ಅಳತೆ) ಫರ್ನೇಸ್ ಬಿಡುವಿಲ್ಲದೆ ಓಡಿದರೆ ಒಂದು ಗ್ಯಾಲನ್ ಮೂರೇ ಗಂಟೆ. 30 ಪೌಂಡ್ ಸಿಲಿಂಡರ್‌ನಲ್ಲಿ ಹಿಡಿಸೋದು ಏಳು ಗ್ಯಾಲನ್, ಅಂದರೆ ಒಂದು ಹಗಲು ರಾತ್ರಿ ಕೂಡ ಪೂರ್ತಿ ಬರಲ್ಲ. ಚಳಿ ಬಿಗಿಯಾದ ವಾರಗಳಲ್ಲಿ ಒಂದೂವರೆ, ಎರಡು ದಿನಕ್ಕೊಂದು ಸಿಲಿಂಡರ್ ಖಾಲಿ. ಪ್ರತಿ ಸಲ 28, 30 ಡಾಲರ್. ಎಂಟು ಗಂಟೆ ಲಿಫ್ಟ್ ಹತ್ತಿರ ಹಿಮ ಎತ್ತಿ ಹಾಕಿ ಬಂದವನು, ಕತ್ತಲಲ್ಲಿ ಸಿಲಿಂಡರ್ ಹೊತ್ತುಕೊಂಡು ಬಂಕ್‌ಗೆ ಓಡಬೇಕು. ಜನವರಿ ಒಂದೇ ತಿಂಗಳು 500 ಡಾಲರ್ ಹತ್ತಿರ ಗ್ಯಾಸ್‌ಗೇ ಹೋಯಿತು. ಅಷ್ಟಾದರೂ ಕಾಲಿಟ್ಟರೆ ನೆಲ ಐಸ್, ಬೆಳಗ್ಗೆ ಎದ್ದರೆ ನಲ್ಲಿಯಲ್ಲಿ ನೀರಿಲ್ಲ.

ಎಲೆಕ್ಟ್ರಿಕ್ ಹೀಟರ್ ಇಡಿ ಅಂತ ಎಲ್ಲರೂ ಹೇಳುತ್ತಾರೆ. 1,500 ವ್ಯಾಟ್‌ನ ಎರಡು ಇಟ್ಟರೆ 25 ಆಂಪ್ ಅಲ್ಲೇ ಹೋಯಿತು. ನಮ್ಮದು 30 ಆಂಪ್ ಸೈಟ್. ಮೈಕ್ರೋವೇವ್ ಒತ್ತಿದ ಕೂಡಲೇ ಬ್ರೇಕರ್ ಬೀಳುತ್ತಿತ್ತು. ಆಮೇಲೆ ಒಬ್ಬರು ಚಿಮಣಿ ಇಲ್ಲದ, ಒಳಗೇ ಉರಿಯುವ ಪ್ರೋಪೇನ್ ಹೀಟರ್ ಕೊಟ್ಟರು. ಅದೂ ಸೋತಿತು. ಈ ತರಹದ ಹೀಟರ್‌ನ ಆಕ್ಸಿಜನ್ ಸೆನ್ಸರ್ 7,000 ಅಡಿ ಮೇಲೆ ಗಾಳಿ ತೆಳು ಅಂತ ಆಗಾಗ ಆರಿಸಿಬಿಡುತ್ತದೆ. ಉರಿದಾಗ ಇನ್ನೊಂದು ತೊಂದರೆ: ಒಂದು ಗ್ಯಾಲನ್ ಪ್ರೋಪೇನ್ ಸುಟ್ಟರೆ ಮೂರು ಲೀಟರ್‌ನಷ್ಟು ನೀರಿನ ಆವಿ ಹುಟ್ಟುತ್ತದೆ, ಅದೆಲ್ಲ ಮನೆಯೊಳಗೇ ಉಳಿಯುತ್ತದೆ. ಅದರ ಜೊತೆಗೆ ನಮ್ಮ ಸಾರು, ಅನ್ನದ ಹಬೆ. ಕಿಟಕಿ ಚೌಕಟ್ಟಿನಲ್ಲಿ ಐಸ್ ಕಟ್ಟಿ, ಹಾಸಿಗೆ ಕೆಳಗೆ ಬೂಷ್ಟು ಹಿಡಿಯಿತು. ಹಾಸಿಗೆಯನ್ನು ಮರದ ಪಟ್ಟಿಗಳ ಮೇಲೆ ಎತ್ತಿ ಇಟ್ಟು, ಚಿಕ್ಕದೊಂದು ಡಿಹ್ಯೂಮಿಡಿಫೈಯರ್ ತಂದ ಮೇಲೆ ಅದು ನಿಂತಿತು.

ಎಲ್ಲರೂ ಒಳಗೆ ಬಿಸಿ ಹೆಚ್ಚಿಸೋ ದಾರಿಯನ್ನೇ ಹೇಳುತ್ತಿದ್ದರು. ನನಗೆ ಆ ವರ್ಷದ ಫೆಬ್ರವರಿಯಲ್ಲಿ ಅನಿಸಿದ್ದು ಇದರ ಉಲ್ಟಾ: ಬಿಸಿ ಕೊಡಬೇಕಾದ್ದು ಟ್ರೈಲರ್ ಕೆಳಗೆ. ಟ್ಯಾಂಕು, ಪೈಪು, ವಾಲ್ವು ಎಲ್ಲ ಇರೋದೇ ಅಲ್ಲಿ ಅಲ್ವಾ. ಮರುವರ್ಷ ಅಕ್ಟೋಬರ್‌ನಲ್ಲೇ, ನೆಲ ಗಟ್ಟಿಯಾಗೋ ಮೊದಲು, ಸ್ಕರ್ಟಿಂಗ್, ಅಂದರೆ ಟ್ರೈಲರ್ ಅಡಿಯ ಸುತ್ತ ಗೋಡೆಯ ಹಾಗೆ ಮುಚ್ಚೋದು, ಶುರು ಮಾಡಿದೆವು. ಹಿಂದಿನ ವರ್ಷ ಟಾರ್ಪಾಲಿನ್ ಕಟ್ಟಿದ್ದೆವು, ಒಂದೇ ಗಾಳಿಗೆ ಹರಿದು ಹೋಗಿತ್ತು. ಅಳತೆಗೆ ಹೊಲಿಯುವ ವಿನೈಲ್‌ಗೆ 2,500 ಡಾಲರ್ ಮೇಲೆ ಕೇಳಿದರು. ನಾವು ತಂದದ್ದು ಎರಡು ಇಂಚಿನ ಗಟ್ಟಿ ಫೋಮ್ ಬೋರ್ಡ್, ಕಟ್ಟಡದ ಅಡಿಪಾಯಕ್ಕೆ ಹಾಕುತ್ತಾರಲ್ಲ ಅದೇ. ಎಂಟೊಂಬತ್ತು ಶೀಟ್, ಟೇಪು, ಮರದ ತುಂಡು ಎಲ್ಲ ಸೇರಿ 600 ಡಾಲರ್ ಒಳಗೆ ಮುಗಿಯಿತು. ಬೋರ್ಡ್‌ಗಳ ಒಳಗೆ, ಟ್ರೈಲರ್ ಅಡಿಯಲ್ಲಿ ಸಣ್ಣ ಹೀಟರ್ ಒಂದು, 35 ಫ್ಯಾರನ್‌ಹೀಟ್‌ಗೆ ತಾನೇ ಆನ್ ಆಗಿ 45ಕ್ಕೆ ಆಫ್ ಆಗುವ ಪ್ಲಗ್ ಒಂದು. ಹಿಮ ಬಿದ್ದ ಹಾಗೆಲ್ಲ ಅದನ್ನು ಬೋರ್ಡ್‌ಗೆ ಒತ್ತಿ ಗುಡ್ಡೆ ಹಾಕಿದೆವು. ಹಿಮ ಒಳ್ಳೇ ಕಂಬಳಿ.

ಫೋಮ್ ಬೋರ್ಡ್‌ಗೂ ಟ್ರೈಲರ್ ಗೋಡೆಗೂ ನಡುವಿನ ಸಂದು ಮುಚ್ಚೋದೇ ಇಲ್ಲಿ ಅಸಲಿ ಕೆಲಸ. ಚಳಿಗೆ ಎಲ್ಲ ಟೇಪೂ ಬಿಡುತ್ತದೆ. ನಾವು ಏನು ಹಾಕಿದೆವು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ. ಅದನ್ನು ಹುಡುಕೋಕೆ ನಮಗೆ ದುಡ್ಡೂ ಸಮಯವೂ ಜಾಸ್ತಿ ಹಿಡಿದಿದೆ. ಪಕ್ಕದ ಸೈಟ್‌ಗೆ ಬಂದು ನಿಂತವರಿಗೆ ತೋರಿಸುತ್ತೇನೆ.

ನೀರಿನ ವಿಷಯದಲ್ಲೂ ರೂಢಿಯ ಉಲ್ಟಾ ಮಾಡಿದೆವು. ಕರೆಂಟಿನಿಂದ ಬಿಸಿಯಾಗುವ ಹೋಸ್ ಹಾಕಿ ದಿನವಿಡೀ ಜೋಡಿಸಿಡೋದು ರೂಢಿ. ಸೈಟ್‌ನ ನೀರಿನ ನಲ್ಲಿಗೆ ಹೆಪ್ಪುಗಟ್ಟದ ಹೈಡ್ರಂಟ್ ಅನ್ನುತ್ತಾರಲ್ಲ, ಅದು ಆಫ್ ಮಾಡಿದಾಗ ತನ್ನೊಳಗಿನ ನೀರನ್ನು ಕೆಳಗೆ ಇಳಿಸಿಕೊಂಡರೆ ಮಾತ್ರ ಹೆಪ್ಪುಗಟ್ಟಲ್ಲ. ಹೋಸ್ ಸಿಕ್ಕಿಸಿಟ್ಟರೆ ಇಳಿಯಲ್ಲ. ಅದಕ್ಕೆ ನಾವು ನಾಲ್ಕೈದು ದಿನಕ್ಕೊಮ್ಮೆ 40 ಗ್ಯಾಲನ್ ಟ್ಯಾಂಕ್ ತುಂಬಿಸಿ, ಹೋಸ್ ಬಿಚ್ಚಿ, ಬಸಿದು ಒಳಗಿಡುತ್ತೇವೆ. ಟ್ಯಾಂಕ್ ಕೆಳಗೆ 12 ವೋಲ್ಟ್ ಹೀಟಿಂಗ್ ಪ್ಯಾಡ್ ಇದೆ. ಸ್ನಾನ, ಪಾತ್ರೆ ತೊಳೆದ ನೀರಿನ ಟ್ಯಾಂಕ್‌ನ ಗ್ರೇ ವಾಲ್ವ್ ಯಾವತ್ತೂ ತೆರೆದಿಡಬಾರದು, ತೊಟ್ಟಿಕ್ಕಿದ ನೀರೇ ಪೈಪಿನಲ್ಲಿ ಐಸ್ ಅಣೆಕಟ್ಟು ಕಟ್ಟುತ್ತದೆ. ಲಿಥಿಯಂ ಬ್ಯಾಟರಿ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಚಾರ್ಜ್ ಮಾಡುವ ಹಾಗಿಲ್ಲ, ಹಾಗಾಗಿ ನಮ್ಮದು ಮಂಚದ ಕೆಳಗೆ ಬಂತು.

ಈ ವ್ಯವಸ್ಥೆಯಲ್ಲಿ ಜನವರಿಯ ಪ್ರೋಪೇನ್ 200 ಡಾಲರ್‌ಗೆ ಇಳಿಯಿತು. ಕೆಳಗಿನ ಹೀಟರ್‌ನ ಕರೆಂಟ್ 50 ಡಾಲರ್ ಅನ್ನಿ. ಜೊತೆಗೆ 420 ಪೌಂಡ್‌ನ ದೊಡ್ಡ ಟ್ಯಾಂಕ್ ಬಾಡಿಗೆಗೆ ತಂದು ನಿಲ್ಲಿಸಿದ್ದರಿಂದ ಗ್ಯಾಲನ್‌ಗೆ ಒಂದು ಡಾಲರ್ ಕಡಿಮೆ ಬಿತ್ತು, ಹೊರೋ ಕೆಲಸವೂ ತಪ್ಪಿತು. ಮಾರ್ಚ್ ಹೊತ್ತಿಗೆ ಪಾರ್ಕ್ ಮಾಲೀಕರೇ ಬೇರೆಯವರನ್ನು ಕರೆದುಕೊಂಡು ಬಂದು ನಮ್ಮ ಸ್ಕರ್ಟಿಂಗ್ ತೋರಿಸುತ್ತಿದ್ದರು. ನಮಗೆ ನಿಜಕ್ಕೂ ಹೆಮ್ಮೆ ಆಯಿತು.

ಈಗ ಲೆಕ್ಕ, ನೆನಪಿನಿಂದ ಹೇಳುತ್ತೇನೆ. ಇಬ್ಬರಿಗೂ ಗಂಟೆಗೆ 20 ಡಾಲರ್ ಆಸುಪಾಸು. ತೆರಿಗೆ ಕಳೆದು ತಿಂಗಳಿಗೆ ಇಬ್ಬರದೂ ಸೇರಿ ಐದು ಸಾವಿರ ಚಿಲ್ಲರೆ. ಸೈಟ್ ಬಾಡಿಗೆ 850, ಕರೆಂಟ್ ಪೂರ್ತಿ 150ರ ಹತ್ತಿರ, ಗ್ಯಾಸ್ 200, ಊಟ 600, ಇನ್ಶೂರೆನ್ಸು ಫೋನು ಟ್ರಕ್ಕು ಎಲ್ಲ ಸೇರಿ ಏಳೆಂಟು ನೂರು. ಎರಡೂವರೆ ಸಾವಿರ ಉಳಿಯುತ್ತದೆ. ಆ ಕಣಿವೆಯಲ್ಲಿ ಬರೀ ಒಂದು ರೂಮಿಗೆ ತಲೆಗೆ 1,200 ಕೊಟ್ಟು ಇದ್ದ ಸಹೋದ್ಯೋಗಿಗಳು ಏಪ್ರಿಲ್‌ನಲ್ಲಿ ಬರಿಗೈಯಲ್ಲಿ ಹೋದರು. ಮೇಲಾಗಿ ಸ್ಕೀ ಮಾಡೋಕೆ ಸೀಸನ್ ಪಾಸ್ ಪುಕ್ಕಟೆ. ನಮ್ಮ ಅಧಿಕೃತ ವಿಳಾಸ ಸೌತ್ ಡಕೋಟಾದ್ದು, ಅಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ. ಹಾಗಂತ ಕೊಲರಾಡೋದಲ್ಲಿ ದುಡಿದ ಸಂಬಳಕ್ಕೆ ಕೊಲರಾಡೋ ತೆರಿಗೆ ತಪ್ಪಲ್ಲ, ಶೇಕಡಾ 4ಕ್ಕಿಂತ ಸ್ವಲ್ಪ ಜಾಸ್ತಿ. ಇದನ್ನು ಲೆಕ್ಕಕ್ಕೆ ಹಿಡಿಯದೆ ಬರುವವರು ಬಹಳ.

ಅಡುಗೆ ಬಗ್ಗೆ ಒಂದಿಷ್ಟು. ಅಲ್ಲಿ ನೀರು 91 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ಬೇಳೆ ಬೇಗ ಬೇಯೋದೇ ಇಲ್ಲ. ಕುಕ್ಕರ್‌ನಲ್ಲೂ ಎರಡು ಮೂರು ಕೂಗು ಜಾಸ್ತಿ ಬೇಕು. ಇಡ್ಲಿ ಹಿಟ್ಟು ಫರ್ನೇಸ್ ಡಕ್ಟ್ ಪಕ್ಕ ಇಟ್ಟು ನೋಡಿದೆವು, ಮೇಲೆ ಒಣಗಿ ಸಿಪ್ಪೆ ಕಟ್ಟಿತು. ಈಗ ವಾಟರ್ ಹೀಟರ್ ಇರುವ ಗೂಡಿನೊಳಗೆ ಮುಚ್ಚಿ ಇಡುತ್ತೇವೆ, ರಾತ್ರಿ ಕಳೆಯೋದರಲ್ಲಿ ಉಕ್ಕಿ ಬರುತ್ತದೆ. ಇಡ್ಲಿ 20 ನಿಮಿಷ ಬೇಯಬೇಕು. ಮೊಸರಿಗೂ ಅದೇ ಗೂಡು. ಕೆಲಸದ ಜಾಗದಲ್ಲಿದ್ದ ಪೆರು, ಅರ್ಜೆಂಟೀನಾದಿಂದ ಜೆ-1 ವೀಸಾದಲ್ಲಿ (ವಿದ್ಯಾರ್ಥಿಗಳು ರಜೆಯಲ್ಲಿ ಕೆಲಸಕ್ಕೆ ಬರುವ ವೀಸಾ) ಬಂದ ಹುಡುಗರಿಗೆ ಭಾನುವಾರ ನಮ್ಮ ಇಡ್ಲಿ ಬೇಕೇ ಬೇಕಿತ್ತು.

ಎಚ್-1ಬಿಯಲ್ಲಿರುವ ಗೆಳೆಯರು ಕೇಳುತ್ತಾರೆ, ಒಂದು ಸೀಸನ್ ರಜೆ ಹಾಕಿ ಬರಬಹುದಾ ಅಂತ. ಆಗಲ್ಲ, ಆ ವೀಸಾ ಅರ್ಜಿ ಹಾಕಿದ ಕಂಪನಿಯ ಕೆಲಸಕ್ಕೆ ಮಾತ್ರ. ಗ್ರೀನ್ ಕಾರ್ಡ್ ಆದವರು ಬನ್ನಿ. ಕೆಲಸದ ಅರ್ಜಿ ಆಗಸ್ಟ್, ಸೆಪ್ಟೆಂಬರ್‌ನಲ್ಲೇ ಹಾಕಿ, ಆದರೆ ಅದಕ್ಕಿಂತ ಮೊದಲು ಸೈಟ್ ಬುಕ್ ಮಾಡಿ. ಕೆಲಸ ಸುಲಭವಾಗಿ ಸಿಗುತ್ತದೆ, ಸೈಟ್ ಸಿಗಲ್ಲ.

ಏಪ್ರಿಲ್‌ನಲ್ಲಿ ಹೊರಡುವಾಗ ಬೋರ್ಡ್‌ಗಳ ಬುಡ ಐಸ್‌ನಲ್ಲಿ ಹೂತಿರುತ್ತದೆ. ಎಳೆದರೆ ಮುರಿಯುತ್ತದೆ. ಬಿಸಿಲಿರುವ ಕಡೆಯಿಂದ ಒಂದೊಂದಾಗಿ ಬಿಡಿಸಿ, ನಂಬರ್ ಬರೆದು ಜೋಡಿಸಿ, ತಿಂಗಳಿಗೆ 60 ಡಾಲರ್‌ನ ಸ್ಟೋರೇಜ್‌ನಲ್ಲಿ ಇಟ್ಟಿದ್ದೇವೆ. ಕಣಿವೆಯಿಂದ ಹೊರಬರುವ 11,307 ಅಡಿಯ ಬರ್ತೌಡ್ ಪಾಸ್ ಘಾಟಿ ರಸ್ತೆ ಒಣಗಿದ ದಿನ ನೋಡಿಕೊಂಡೇ ಟ್ರೈಲರ್ ಎಳೆಯಬೇಕು. ಮುಂದಿನ ನವೆಂಬರ್‌ಗೆ ಅದೇ ಸೈಟ್‌ಗೆ ಮುಂಗಡ ಕೊಟ್ಟಾಗಿದೆ. ಈ ಸಲ ಕೆಳಗಿನ ಹೀಟರ್ ಬದಲು ಸಣ್ಣ ಡೀಸೆಲ್ ಹೀಟರ್ ಇಟ್ಟು ನೋಡಬೇಕು ಅಂತಿದ್ದೇನೆ. ಎತ್ತರದಲ್ಲಿ ಮಸಿ ಕಟ್ಟುತ್ತದೆ ಅಂತ ಈಗಲೇ ಎಲ್ಲರೂ ಹೆದರಿಸುತ್ತಿದ್ದಾರೆ, ಆದರೂ ಇಟ್ಟೇ ಇಡುತ್ತೇನೆ.