ವಿದೇಶಿ ಹ್ಯಾಕಿಂಗ್ ಕುರಿತ ಗುಪ್ತಚರ ವರದಿಯನ್ನು ನಾಯಕರು ಪರಿಶೀಲಿಸಬೇಕಾದ ಬಗೆ

ಬೇರೊಂದು ದೇಶದ ಸರ್ಕಾರವೇ ನಿಂತು ನಮ್ಮ ಕಂಪ್ಯೂಟರ್ ಜಾಲಕ್ಕೆ ನುಗ್ಗಿದೆ ಎಂದು ಗುಪ್ತಚರ ಸಂಸ್ಥೆಗಳು ವರದಿ ಕೊಟ್ಟಾಗ, ಪ್ರಧಾನಿ ಅಥವಾ ಅಧ್ಯಕ್ಷರ ಮೇಜಿನ ಮೇಲೆ ಇರುವುದು ಒಂದೇ ಹೇಳಿಕೆ ಎಂದು ಭಾವಿಸಬಾರದು. ಅಂಥ ವರದಿಯಲ್ಲಿ ಸಾಮಾನ್ಯವಾಗಿ ಮೂರು ಹೇಳಿಕೆಗಳು ಒಟ್ಟಿಗೆ ಹೆಣೆದುಕೊಂಡಿರುತ್ತವೆ: ಒಳನುಗ್ಗಿದವರು ಯಾರು, ಅವರಿಗೆ ಆದೇಶ ಕೊಟ್ಟವರು ಯಾರು, ಆ ಆದೇಶದ ಉದ್ದೇಶವೇನು. ಮೂರಕ್ಕೂ ಆಧಾರ ಬೇರೆಬೇರೆ, ಆ ಆಧಾರಗಳ ಬಲವೂ ಬೇರೆಬೇರೆ. ಆದ್ದರಿಂದ ವರದಿಯನ್ನು ಇಡಿಯಾಗಿ ನಂಬುವ ಅಥವಾ ಇಡಿಯಾಗಿ ತಳ್ಳಿಹಾಕುವ ಮುನ್ನ ಈ ಎಳೆಗಳನ್ನು ಬಿಡಿಸಿಕೊಳ್ಳುವುದೇ ಮೊದಲ ಕೆಲಸ.

2016ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಪ್ರಕರಣದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 2017ರ ಜನವರಿ 6ರಂದು ವಿದೇಶಿ ಗುಪ್ತಚರ ಸಂಸ್ಥೆ ಸಿಐಎ, ತನಿಖಾ ಸಂಸ್ಥೆ ಎಫ್‌ಬಿಐ ಮತ್ತು ಸಂವಹನಗಳ ಮೇಲೆ ಕಣ್ಣಿಡುವ ಎನ್‌ಎಸ್‌ಎ ಸೇರಿ ಪ್ರಕಟಿಸಿದ ಮೌಲ್ಯಮಾಪನವು ಡೆಮಾಕ್ರಟಿಕ್ ಪಕ್ಷದ ಇಮೇಲ್‌ಗಳನ್ನು ಕದ್ದು ಬಹಿರಂಗಪಡಿಸಿದ್ದು ರಷ್ಯಾದ ಸೇನಾ ಗುಪ್ತಚರ ವಿಭಾಗವೆಂದು ಹೇಳಿತು. ಪುಟಿನ್ ಅವರು ಟ್ರಂಪ್ ಗೆಲುವಿಗೆ ನೆರವಾಗಲು ಬಯಸಿದ್ದರು ಎಂಬ ಅಂಶಕ್ಕೆ ಬಂದಾಗ ಮಾತ್ರ ಸಿಐಎ ಮತ್ತು ಎಫ್‌ಬಿಐ 'ಹೆಚ್ಚಿನ ವಿಶ್ವಾಸ'ವನ್ನೂ ಎನ್‌ಎಸ್‌ಎ 'ಮಧ್ಯಮ ವಿಶ್ವಾಸ'ವನ್ನೂ ದಾಖಲಿಸಿದವು. ಮುಂದೆ, 2018ರಲ್ಲಿ, ರಿಪಬ್ಲಿಕನ್ನರ ಬಹುಮತವಿದ್ದ ಕೆಳಮನೆಯ ಗುಪ್ತಚರ ಸಮಿತಿಯೂ ಹಸ್ತಕ್ಷೇಪ ನಡೆದದ್ದನ್ನು ಒಪ್ಪಿ, ಪುಟಿನ್ ಅವರ ಉದ್ದೇಶದ ಬಗೆಗಿನ ತೀರ್ಮಾನವನ್ನಷ್ಟೇ ಪ್ರಶ್ನಿಸಿತು. 2020ರ ಏಪ್ರಿಲ್‌ನಲ್ಲಿ ಸೆನೆಟ್‌ನ ಸಮಿತಿ ಆ ಮೌಲ್ಯಮಾಪನವನ್ನು ಎತ್ತಿಹಿಡಿಯಿತು. ಜಗಳವೆಲ್ಲ ಮೂರನೆಯ ಎಳೆಯ ಸುತ್ತ ನಡೆಯುತ್ತಿದ್ದಾಗ ಮೊದಲನೆಯದನ್ನೂ ಸಂಶಯಾಸ್ಪದವೆಂದು ಬಿಂಬಿಸಿದ್ದು ಆ ವರ್ಷಗಳ ದೊಡ್ಡ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಎಳೆಗಳನ್ನು ಬಿಡಿಸಿದ ಮೇಲೆ, ಪ್ರತಿಯೊಂದಕ್ಕೂ ಇರುವ ಸಾಕ್ಷ್ಯವನ್ನು ನಕಲು ಮಾಡುವುದು ಎಷ್ಟು ಸುಲಭ ಎಂದು ಅಧಿಕಾರಿಗಳನ್ನು ಕೇಳಬೇಕು. ಈ ಪ್ರಶ್ನೆಗೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಡೆಮಾಕ್ರಟಿಕ್ ಪಕ್ಷದಿಂದ ಕದ್ದದ್ದೆಂದು 'ಗುಸಿಫರ್ 2.0' ಎಂಬ ಹೆಸರಿನಲ್ಲಿ ಹೊರಬಿದ್ದ ಒಂದು ಕಡತದ ಗುಣವಿವರಗಳಲ್ಲಿ, ಅದನ್ನು ಕೊನೆಗೆ ತಿದ್ದಿದವರ ಹೆಸರು ರಷ್ಯನ್ ಲಿಪಿಯಲ್ಲಿ 'ಫೆಲಿಕ್ಸ್ ಎಡ್ಮಂಡೊವಿಚ್' ಎಂದಿತ್ತು. ಸೋವಿಯತ್ ರಹಸ್ಯ ಪೊಲೀಸ್ ವ್ಯವಸ್ಥೆಯ ಸ್ಥಾಪಕ ಜೆರ್ಜಿನ್‌ಸ್ಕಿಯ ಹೆಸರಿನ ಮೊದಲ ಭಾಗವದು. ಕೇಳಲು ರೋಚಕವಾದರೂ ಸಾಕ್ಷ್ಯವಾಗಿ ಇದು ಬಹಳ ದುರ್ಬಲ, ಏಕೆಂದರೆ ಕಂಪ್ಯೂಟರಿನ ಸೆಟ್ಟಿಂಗ್‌ನಲ್ಲಿ ಯಾರು ಬೇಕಾದರೂ ಅಂಥ ಹೆಸರನ್ನು ಬರೆದುಕೊಳ್ಳಬಹುದು. 2018ರ ಫೆಬ್ರುವರಿಯಲ್ಲಿ ದಕ್ಷಿಣ ಕೊರಿಯಾದ ಪಿಯಾಂಗ್‌ಚಾಂಗ್ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ಹೊತ್ತಿಗೆ ಜಾಲವನ್ನು ಕೆಡಿಸಿದ ಮಾಲ್‌ವೇರ್‌ನಲ್ಲಿ (ಹಾನಿಕಾರಕ ತಂತ್ರಾಂಶದಲ್ಲಿ) ಉತ್ತರ ಕೊರಿಯಾದ ಹ್ಯಾಕರ್‌ಗಳ ಗುರುತನ್ನೇ ಬೇಕೆಂದು ತುರುಕಲಾಗಿತ್ತು. ಅದು ನಕಲಿಯೆಂದು ತಜ್ಞರು ತೋರಿಸಿಕೊಟ್ಟರು, ಮತ್ತು 2020ರಲ್ಲಿ ಅಮೆರಿಕ ಆ ದಾಳಿಯ ಆರೋಪವನ್ನು ರಷ್ಯಾದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ ಹೊರಿಸಿತು. ಐಪಿ ವಿಳಾಸ (ಅಂತರ್ಜಾಲದಲ್ಲಿ ಕಂಪ್ಯೂಟರಿನ ಗುರುತು ಸಂಖ್ಯೆ), ಭಾಷೆ, ಕೆಲಸದ ವೇಳೆ, ಕೋಡ್‌ನ ಹೋಲಿಕೆ ಇವೆಲ್ಲ ಈ ದುರ್ಬಲ ಗುಂಪಿಗೇ ಸೇರುತ್ತವೆ. ಎದುರಾಳಿಯ ಜಾಲದೊಳಗಿನಿಂದಲೇ ದೊರೆತ ಮಾಹಿತಿ, ಕದ್ದಾಲಿಸಿದ ಸಂಭಾಷಣೆ, ಸರ್ವರ್ ಬಾಡಿಗೆಗೆ ಹಣ ಸಂದಾಯವಾದ ಜಾಡು ಇವನ್ನು ನಕಲು ಮಾಡುವುದು ಬಹಳ ಕಷ್ಟ. ಡೆಮಾಕ್ರಟಿಕ್ ಪಕ್ಷದ ಇಮೇಲ್ ಕಳವಿಗಾಗಿ 2018ರ ಜುಲೈ 13ರಂದು ಅಮೆರಿಕದಲ್ಲಿ 12 ಮಂದಿ ರಷ್ಯನ್ ಅಧಿಕಾರಿಗಳ ಮೇಲೆ ಸಲ್ಲಿಕೆಯಾದ ದೋಷಾರೋಪ ಪಟ್ಟಿ ಅಷ್ಟು ಭಾರವಾಗಿದ್ದದ್ದು, ಅದು ಆರೋಪಿಗಳ ಸೇನಾ ಘಟಕಗಳ ಸಂಖ್ಯೆಯನ್ನೂ ಬಿಟ್‌ಕಾಯಿನ್ ಪಾವತಿಯ ವಿವರವನ್ನೂ ಹೆಸರುಸಮೇತ ಮುಂದಿಟ್ಟಿದ್ದರಿಂದ.

ವರದಿಯ ಭಾಷೆಯನ್ನು ಅಧಿಕಾರಿಗಳು ಬಳಸಿದ ಅರ್ಥದಲ್ಲೇ ಓದಬೇಕು. ಅಮೆರಿಕದ ಗುಪ್ತಚರ ನಿಯಮದಂತೆ 'ಸಂಭವನೀಯ' ಎಂದರೆ ಶೇಕಡಾ 55ರಿಂದ 80ರಷ್ಟು ಸಾಧ್ಯತೆ. ವಿಶ್ವಾಸದ ಮಟ್ಟ ಬೇರೆಯದೇ ಸಂಗತಿ; ಅದು ಮೂಲಗಳ ಗುಣಮಟ್ಟವನ್ನು ಹೇಳುತ್ತದೆ. ಹೆಚ್ಚಿನ ವಿಶ್ವಾಸವಿದ್ದ ತೀರ್ಮಾನವೂ ತಪ್ಪಾಗಬಹುದೆಂದು 2017ರ ವರದಿಯೇ ಬರೆದುಕೊಂಡಿದೆ.

ಭಿನ್ನಾಭಿಪ್ರಾಯ ಎಲ್ಲಿದೆ ಎಂದು ಕೇಳದೆ ಸಭೆ ಮುಗಿಸಬಾರದು. 2002ರ ಅಕ್ಟೋಬರ್‌ನಲ್ಲಿ ಇರಾಕಿನ ಶಸ್ತ್ರಾಸ್ತ್ರಗಳ ಬಗ್ಗೆ ಅಮೆರಿಕದ ಸಂಸ್ಥೆಗಳು ಸಿದ್ಧಪಡಿಸಿದ ಅಂದಾಜಿನಲ್ಲಿ, ಅಲ್ಯೂಮಿನಿಯಂ ಕೊಳವೆಗಳು ಅಣುಬಾಂಬಿಗಾಗಿ ತರಿಸಿದವು ಎಂಬ ವಾದವನ್ನು ಇಂಧನ ಇಲಾಖೆ ಒಪ್ಪಿರಲಿಲ್ಲ. ಕೊಳವೆಗಳ ವಿಷಯ ಚೆನ್ನಾಗಿ ಬಲ್ಲ ತಜ್ಞರಿದ್ದದ್ದು ಆ ಇಲಾಖೆಯಲ್ಲೇ. ವಿದೇಶಾಂಗ ಇಲಾಖೆಯ ಗುಪ್ತಚರ ವಿಭಾಗವೂ ಅದೇ ದಾಖಲೆಯಲ್ಲಿ ತನ್ನ ಅಸಮ್ಮತಿಯನ್ನು ಬರೆದಿತ್ತು. ಓದಲು ಸಿಕ್ಕಿದ್ದ ಈ ಅಸಮ್ಮತಿಯನ್ನು ಅಧಿಕಾರಸ್ಥರು ಗಂಭೀರವಾಗಿ ತೆಗೆದುಕೊಳ್ಳದೆ ಹೋದದ್ದರ ಬೆಲೆಯನ್ನು ಮರುವರ್ಷದ ಯುದ್ಧದಲ್ಲಿ ಇರಾಕಿನ ಜನ ತೆತ್ತರು.

ಅವಸರವನ್ನೂ ತಡೆಯಬೇಕು. 1998ರ ಫೆಬ್ರುವರಿಯಲ್ಲಿ, ಇರಾಕಿನೊಡನೆ ಬಿಕ್ಕಟ್ಟು ಏರಿದ್ದ ಸಮಯದಲ್ಲೇ, ಅಮೆರಿಕದ ಸೇನಾ ಕಂಪ್ಯೂಟರ್‌ಗಳಿಗೆ ಯಾರೋ ನುಗ್ಗಿದರು. ಸಂಶಯ ಇರಾಕಿನತ್ತ ಹರಿಯಿತು. ತನಿಖೆಯಲ್ಲಿ ಸಿಕ್ಕಿದವರು ಕ್ಯಾಲಿಫೋರ್ನಿಯಾದ ಇಬ್ಬರು ಹದಿಹರೆಯದ ಹುಡುಗರು ಮತ್ತು ಇಸ್ರೇಲಿನ ಒಬ್ಬ ಯುವಕ.

ಇಷ್ಟೆಲ್ಲ ಕೇಳಿದ ಬಳಿಕವೂ ವರದಿಯನ್ನು ಒಪ್ಪದಿರುವ ಹಕ್ಕು ನಾಯಕರಿಗೆ ಇದ್ದೇ ಇದೆ. ಆದರೆ ಒಪ್ಪದಿರುವುದಕ್ಕೂ ಸಾಕ್ಷ್ಯ ಬೇಕು, ಯಾವ ಎಳೆಯನ್ನು ಏಕೆ ಒಪ್ಪುತ್ತಿಲ್ಲ ಎಂದು ಲಿಖಿತವಾಗಿ ಹೇಳುವ ಹೊಣೆಯೂ ಬೇಕು. ದೋಷಾರೋಪ ಪಟ್ಟಿ ಹೊರಬಂದ ಮೂರೇ ದಿನಕ್ಕೆ, 2018ರ ಜುಲೈ 16ರಂದು, ಹೆಲ್ಸಿಂಕಿಯಲ್ಲಿ ಟ್ರಂಪ್ ಅವರು ಪುಟಿನ್ ಪಕ್ಕದಲ್ಲೇ ನಿಂತು, 2016ರ ಹ್ಯಾಕಿಂಗನ್ನು ರಷ್ಯಾ ಮಾಡಿರಲು ಕಾರಣ ಕಾಣುತ್ತಿಲ್ಲವೆಂಬ ಅರ್ಥದ ಮಾತಾಡಿದರು. ಮರುದಿನ ಬಾಯ್ತಪ್ಪಿತೆಂದು ತಿದ್ದಿಕೊಂಡರು. ಪುಟಿನ್ ಬಲವಾಗಿ ನಿರಾಕರಿಸಿದರು ಎಂಬುದನ್ನೇ ಟ್ರಂಪ್ ಅಲ್ಲಿ ಮುಖ್ಯವಾಗಿ ಮುಂದಿಟ್ಟಿದ್ದರು. ಆರೋಪಿತ ಪಕ್ಷದ ನಿರಾಕರಣೆಯನ್ನು ಸಾಕ್ಷ್ಯದ ತೂಕದಲ್ಲಿ ಎಂದೂ ಇಡಬಾರದು.

ಕೊನೆಯ ಹಂತವಾಗಿ, ಮೂಲ ಸಾಕ್ಷ್ಯವನ್ನು ಪ್ರತಿಪಕ್ಷದವರೂ ಇರುವ ಸಂಸದೀಯ ಸಮಿತಿಗೆ ಗೋಪ್ಯವಾಗಿ ತೋರಿಸಲು ಆದೇಶಿಸಬೇಕು, ಮತ್ತು ನಿರ್ಬಂಧ ಹೇರುವುದೋ ರಾಜತಾಂತ್ರಿಕರನ್ನು ಹೊರಹಾಕುವುದೋ ಎಂಬ ನಿರ್ಧಾರಕ್ಕೆ ನಾಯಕರು ತಮ್ಮದೇ ಸಹಿ ಹಾಕಬೇಕು.