ಆ ಹುಡುಗಿಯರು ಹೊಟ್ಟೆಗೆ ಏನು ಮಾಡ್ತಿದ್ರು?

ನಾನು ಲಂಡನ್ನಿಗೆ ಬಂದು ಹನ್ನೊಂದು ವರ್ಷ ಆಯಿತು. ವಾರವಿಡೀ ಆಫೀಸು. ತಿಂಗಳಿಗೊಂದು ಭಾನುವಾರ ಮಾತ್ರ ಕನ್ನಡದವರ ಒಂದು ಗುಂಪನ್ನು ಕರೆದುಕೊಂಡು ಸಾಹಿತಿಗಳು ಓಡಾಡಿದ ಬೀದಿಗಳನ್ನು ಸುತ್ತಿಸುತ್ತೇನೆ. ಎರಡು ಗಂಟೆ ನಡಿಗೆ, ಆಮೇಲೆ ಎಲ್ಲಾದರೂ ಕಾಫಿ. ಅದರಲ್ಲಿ ನನಗೆ ಅತಿ ಜಾಸ್ತಿ ಕಷ್ಟ ಕೊಟ್ಟದ್ದು, ಈಗ ಅತಿ ಪ್ರೀತಿಯದ್ದೂ ಆಗಿರುವುದು, ಎರಡನೇ ಮಹಾಯುದ್ಧದ ಕಾಲದ ಹುಡುಗಿಯರ ನಡಿಗೆ.

ಶುರುವಾಗುವುದು ಬ್ಲೂಮ್ಸ್‌ಬರಿಯ ಲ್ಯಾನ್ಸ್‌ಡೌನ್ ಟೆರೇಸಿನ 6ನೇ ನಂಬರ್ ಮನೆಯ ಮುಂದೆ. ಯುದ್ಧ ಶುರುವಾಗಿ ಕೆಲವೇ ತಿಂಗಳಲ್ಲಿ, 1940ರ ಜನವರಿಯಲ್ಲಿ, 'ಹೊರೈಜನ್' ಎಂಬ ಮಾಸಪತ್ರಿಕೆ ಹೊರಬಂತು. ಸಂಪಾದಕ ಸಿರಿಲ್ ಕಾನೊಲಿ. ದುಡ್ಡು ಪೀಟರ್ ವಾಟ್ಸನ್‌ನದು. ಕವಿ ಸ್ಟೀಫನ್ ಸ್ಪೆಂಡರ್ ಇದ್ದ ಈ ಮನೆಯೇ ಆಫೀಸು. ಈ ಪತ್ರಿಕೆಯ ಸುತ್ತ ಇಪ್ಪತ್ತರ ಆಸುಪಾಸಿನ ಕೆಲವು ಹುಡುಗಿಯರು ಸೇರಿಕೊಂಡರು. ಸೋನಿಯಾ ಬ್ರೌನೆಲ್, ಲಿಸ್ ಲಬಕ್, ಬಾರ್ಬರಾ ಸ್ಕೆಲ್ಟನ್ ಹೀಗೆ. ಮನೆಯವರು ಹಾಕಿಕೊಟ್ಟ ದಾರಿ ಬೇಡ ಅಂತ ಹೊರಟವರು. ಬಾಡಿಗೆ ಕೋಣೆ, ಸಂಜೆಗೆ ಪಬ್, ಮದುವೆಯಾಗದೆ ಜೊತೆಗಿರುವುದು, ಚಿತ್ರ ಬರೆಸಿಕೊಳ್ಳಲು ಚಿತ್ರಕಾರರ ಮುಂದೆ ಕೂರುವುದು. ಯೂಸ್ಟನ್ ರೋಡಿನ ಚಿತ್ರಕಾರರ ಬಳಗದಲ್ಲಿ ಸೋನಿಯಾಗೆ 'ಯೂಸ್ಟನ್ ರೋಡಿನ ವೀನಸ್', ಅಂದರೆ ಅಲ್ಲಿಯ ಸೌಂದರ್ಯದೇವತೆ, ಅಂತಲೇ ಹೆಸರಿತ್ತು. ಅವಳು 1918ರಲ್ಲಿ ಹುಟ್ಟಿದ್ದು ನಮ್ಮ ಇಂಡಿಯಾದಲ್ಲೇ.

ಮೊದಲ ಸಲ ಈ ನಡಿಗೆ ಮಾಡಿಸಿದಾಗ ನಾನು ಹೇಳಿದ್ದು ಇಷ್ಟನ್ನೇ. ಯಾರು ಯಾರ ಜೊತೆ ಇದ್ದರು, ಯಾರು ಯಾರನ್ನು ಬಿಟ್ಟರು. ಓದಿದ ನೆನಪುಗಳಲ್ಲೆಲ್ಲ ಸಿಕ್ಕಿದ್ದೂ ಜಾಸ್ತಿ ಅದೇ. ಜನ ನಗುತ್ತಾ ಕೇಳಿದರು. ಕೊನೆಯಲ್ಲಿ, ಮಗಳ ಮನೆಗೆ ಬಂದಿದ್ದ ಧಾರವಾಡದ ಒಬ್ಬ ಹಿರಿಯ ಅಮ್ಮ ನನ್ನ ಕೈ ಹಿಡಿದು ಕೇಳಿದರು. "ಎಲ್ಲಾ ಖರೆ. ಆದ್ರ ಈ ಹುಡುಗ್ಯಾರು ಹೊಟ್ಟಿಗೆ ಏನ್ ಮಾಡ್ತಿದ್ರವಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಎರಡು ಗಂಟೆ ಕಾಲ ಅವರ ಬಗ್ಗೆ ಮಾತಾಡಿ, ಅವರು ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದರು ಅಂತ ಒಂದು ಮಾತೂ ಹೇಳಿರಲಿಲ್ಲವಲ್ಲ!

ಮರುದಿನದಿಂದ ಒಂದು ನೋಟ್‌ಬುಕ್ ಇಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಮೇಲೆ ಹೆಸರು, ಕೆಳಗೆ ಮಾಡಿದ ಕೆಲಸ ಮಾತ್ರ. ಗಂಡಸರ ಹೆಸರು ಬರೆಯಬೇಕಾದರೆ ಅಂಚಿನಲ್ಲಿ ಬರೆಯುವುದು ಅಂತ ನಿಯಮ ಮಾಡಿಕೊಂಡೆ. ಶನಿವಾರಗಳಲ್ಲಿ ಬ್ರಿಟಿಷ್ ಲೈಬ್ರರಿಯಲ್ಲಿ ಕೂತೆ. ಅಲ್ಲಿ ಪೆನ್ನು ಬಿಡುವುದಿಲ್ಲ, ಪೆನ್ಸಿಲ್ ಮಾತ್ರ.

ಪುಟಗಳು ತುಂಬುತ್ತಾ ಹೋದವು. 1941ರ ಡಿಸೆಂಬರಿನಲ್ಲಿ ಬಂದ ಕಾನೂನಿನ ಪ್ರಕಾರ, 20ರಿಂದ 30ರೊಳಗಿನ ಮದುವೆಯಾಗದ ಹೆಣ್ಣುಮಕ್ಕಳನ್ನು ಯುದ್ಧದ ಕೆಲಸಕ್ಕೆ ಕರೆಯಬಹುದಿತ್ತು. ಅಂದರೆ ಸುಮ್ನೆ ಪಬ್ಬಿನಲ್ಲಿ ಕೂತು ದಿನ ಕಳೆಯುವ ಹಾಗೇ ಇರಲಿಲ್ಲ. ಸೋನಿಯಾ ಸರ್ಕಾರದ ಯುದ್ಧ ಸಾರಿಗೆ ಖಾತೆಯಲ್ಲಿ ದುಡಿದಳು. ಬಾರ್ಬರಾ ಕೈರೋಗೆ ಹೋಗಿ ಗುಪ್ತಲಿಪಿಯ ಗುಮಾಸ್ತೆಯಾದಳು. ಚೆಲ್ಸಿಯಲ್ಲಿ ಚಿತ್ರಕಾರರ ನಡುವೆ ಓಡಾಡುತ್ತಾ ದಿನಚರಿ ಬರೆಯುತ್ತಿದ್ದ ಜೋನ್ ವಿಂಡಮ್ 1941ರಲ್ಲಿ ವಾಯುಪಡೆಯ ಮಹಿಳಾ ದಳ ಸೇರಿದಳು. ಆ ದಿನಚರಿ ಅಚ್ಚಾಗಿದ್ದು 1985ರಲ್ಲಿ. ಲಿಸ್ 'ಹೊರೈಜನ್' ಆಫೀಸನ್ನು ನಡೆಸಿದಳು. ಸಂಜೆ ಕಾನೊಲಿಯ ಮನೆಗೆ ಬರುವ ಸಾಹಿತಿಗಳಿಗೆ ರೇಷನ್ನಿನ ಸಾಮಾನಿನಲ್ಲೇ ಅಡುಗೆಯನ್ನೂ ಮಾಡಿದಳು. ಅದೂ ಕೆಲಸವೇ, ಅಲ್ವಾ? ಯುದ್ಧ ಮುಗಿದ ಮೇಲೆ ಕಾನೊಲಿ, ವಾಟ್ಸನ್ ಇಬ್ಬರೂ ಪ್ರವಾಸದಲ್ಲೇ ಜಾಸ್ತಿ ಇದ್ದರು. ಆಗ ಬಂದ ಲೇಖನ ಓದುವುದು, ಲೇಖಕರಿಗೆ ಪತ್ರ ಬರೆಯುವುದು, ಸಂಚಿಕೆ ಹೊರಡಿಸುವುದು ಬಹುಪಾಲು ಸೋನಿಯಾ ಮತ್ತು ಲಿಸ್ ತಲೆಯ ಮೇಲೆ ಬಿತ್ತು.

ಹಳೆ ಪುಸ್ತಕದಂಗಡಿಯಲ್ಲಿ 1941ರ ಒಂದು ಸಂಚಿಕೆ ಸಿಕ್ಕಿತು. ಕಾಗದ ಎಷ್ಟು ತೆಳು ಅಂದರೆ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತದೆ. ಯುದ್ಧದಲ್ಲಿ ಕಾಗದಕ್ಕೂ ರೇಷನ್. ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ನಾಲ್ಕು ಪುಟದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. 1940ರ ಸೆಪ್ಟೆಂಬರ್ 7ರಿಂದ ಈ ಊರಿನ ಮೇಲೆ 57 ರಾತ್ರಿ ಬಿಡದೆ ಬಾಂಬು ಬಿದ್ದಿತ್ತು. ಮರುವರ್ಷದ ಮೇವರೆಗೂ ದಾಳಿ ನಿಲ್ಲಲಿಲ್ಲ. ಅಂಥ ಕಾಲದಲ್ಲೂ ಯಾರೋ ಕಪ್ಪು ಪರದೆ ಎಳೆದು, ದೀಪದ ಕೆಳಗೆ ಕೂತು ಪ್ರೂಫ್ ತಿದ್ದಿದ್ದಾರೆ. ಆ ಸಂಚಿಕೆ ಈಗ ಪ್ರತಿ ನಡಿಗೆಗೂ ನನ್ನ ಚೀಲದಲ್ಲಿರುತ್ತದೆ. ಎಲ್ಲರ ಕೈಗೂ ಕೊಡುತ್ತೇನೆ. ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಅನ್ನುತ್ತೇನೆ.

ದಾರಿಯನ್ನೂ ಬದಲಿಸಿದೆ. ಮೊದಲು ನೇರ ಪಬ್ಬುಗಳಿಗೇ ಕರೆದೊಯ್ಯುತ್ತಿದ್ದೆ. ಈಗ ಸೆನೆಟ್ ಹೌಸಿನ ಮುಂದೆ ನಿಲ್ಲುತ್ತೇವೆ, ಯುದ್ಧದಲ್ಲಿ ಸರ್ಕಾರದ ಮಾಹಿತಿ ಖಾತೆ ಇದ್ದ ಬಿಳಿ ಕಟ್ಟಡ ಅದು. ಅಲ್ಲಿಂದ ರಾಥ್‌ಬೋನ್ ಪ್ಲೇಸಿನ ವೀಟ್‌ಶೀಫ್ ಪಬ್. ಕವಿಗಳು, ಪತ್ರಿಕೆಯವರು ಸೇರುತ್ತಿದ್ದ ಜಾಗ. ಸಿಲೋನಿನಿಂದ ಬಂದು 'ಪೊಯೆಟ್ರಿ ಲಂಡನ್' ಎಂಬ ಕವಿತೆಯ ಪತ್ರಿಕೆ ನಡೆಸಿದ ತಮಿಳಿಗ ತಂಬಿಮುತ್ತು ಇಲ್ಲಿ ದಿನಾ ಕಾಣುವ ಮುಖ. ಕೆನಡಾದಿಂದ ಬಂದ ಎಲಿಜಬೆತ್ ಸ್ಮಾರ್ಟ್ ಎಂಬಾಕೆಯ ಪುಟ್ಟ ಪುಸ್ತಕವನ್ನು 1945ರಲ್ಲಿ ಅಚ್ಚು ಹಾಕಿಸಿದ್ದು ಅವನೇ. ಎರಡು ಸಾವಿರ ಪ್ರತಿ. ಅವಳು ನಾಲ್ಕು ಮಕ್ಕಳನ್ನು ಜಾಹೀರಾತು ಬರೆದು ದುಡಿದು ಸಾಕಿದಳು. ಅವಳ ಬಗ್ಗೆ ಹೇಳುವಾಗ ನನ್ನ ಗಂಟಲು ಇವತ್ತಿಗೂ ಕಟ್ಟುತ್ತದೆ.

ಕೊನೆಗೆ ನಿಲ್ಲುವುದು ಗವರ್ ಸ್ಟ್ರೀಟಿನ ಕೆಂಪು ಇಟ್ಟಿಗೆಯ ಹಳೆಯ ಯೂನಿವರ್ಸಿಟಿ ಕಾಲೇಜ್ ಆಸ್ಪತ್ರೆಯ ಮುಂದೆ. 1949ರ ಅಕ್ಟೋಬರ್ 13ರಂದು ಸೋನಿಯಾ ಇಲ್ಲಿ, ಕ್ಷಯದಿಂದ ಮಲಗಿದ್ದ, '1984' ಕಾದಂಬರಿ ಬರೆದ ಜಾರ್ಜ್ ಆರ್ವೆಲ್‌ನನ್ನು ಮದುವೆಯಾದಳು. ಸರಿಯಾಗಿ ನೂರು ದಿನಕ್ಕೆ, ಜನವರಿ 21ರಂದು, ಅವನು ತೀರಿಕೊಂಡ. ದುಡ್ಡಿಗೆ, ಹೆಸರಿಗೆ ಮದುವೆಯಾದಳು ಅಂತ ಜನ ಆಡಿಕೊಂಡರು. ಅವಳು ಇಯಾನ್ ಆಂಗಸ್ ಜೊತೆ ಕೂತು ಆರ್ವೆಲ್‌ನ ಪ್ರಬಂಧ, ಪತ್ರ, ಪತ್ರಿಕಾ ಬರಹಗಳನ್ನು ನಾಲ್ಕು ಸಂಪುಟ ಮಾಡಿ 1968ರಲ್ಲಿ ಹೊರತಂದಳು. ನಾನು ಮೊದಲ ಸಂಪುಟ ತೆಗೆದು ಶೀರ್ಷಿಕೆ ಪುಟ ತೋರಿಸುತ್ತೇನೆ. ಸಂಪಾದಕರ ಜಾಗದಲ್ಲಿ ಅವಳ ಹೆಸರಿದೆ.

ಧಾರವಾಡದ ಆ ಅಮ್ಮ ಮರುವರ್ಷ ಮತ್ತೆ ಮಗಳ ಮನೆಗೆ ಬಂದರು. ಅವರನ್ನು ನಾನೇ ಕರೆದೆ. ಗವರ್ ಸ್ಟ್ರೀಟಿನಲ್ಲಿ ಕನ್ನಡಕ ಏರಿಸಿ, ಆ ಹೆಸರನ್ನು ನಿಧಾನಕ್ಕೆ ಅಕ್ಷರ ಕೂಡಿಸಿ ಓದಿದರು. ಆಮೇಲೆ, "ಇಕೀಗೆ ಎಷ್ಟು ವರ್ಷ ಹಿಡೀತು ಇದನ್ನ ಮಾಡ್ಲಿಕ್ಕೆ?" ಅಂತ ಕೇಳಿದರು. ಅದನ್ನು ಸೋನಿಯಾ ಪುಟದ ಕೆಳಗೆ ಬರೆದುಕೊಂಡೆ. ಬರುವ ಶನಿವಾರ ಮತ್ತೆ ಲೈಬ್ರರಿಗೆ ಹೋಗಬೇಕು.